ತಲೆಗೆ ತಂತಿ ಹಾಕಿಸುವ ಮೊದಲು ಮಾತ್ರೆ ಎಣಿಸಿ

ಮೂರು ಔಷಧಿ ಬದಲಾಯಿಸಿದರೂ ಡಿಪ್ರೆಶನ್ ಹೋಗಿಲ್ಲ, ಮೆದುಳಲ್ಲಿ ತಂತಿ ಇಟ್ಟು ಕರೆಂಟ್ ಹರಿಸುವ ಆಪರೇಷನ್ ಎಲ್ಲಿ ಮಾಡುತ್ತಾರೆ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ಹುಬ್ಬಳ್ಳಿಯ ಡಾಕ್ಟರಿಗೆ ಮೊಬೈಲಲ್ಲಿ ವಿಡಿಯೋ ತೋರಿಸಿ ನಾನೂ ಇದನ್ನೇ ಕೇಳಿದ್ದೆ.

ನಮ್ಮದು ಶಿರಸಿ ಕಡೆ ಅಡಿಕೆ ತೋಟ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಅಂಗಳದಲ್ಲಿ ನಿಂತು ಕರೆದರೆ ‘ಬಂದೆ’ ಅನ್ನಲೂ ನನಗೆ ದನಿ ಬರುತ್ತಿರಲಿಲ್ಲ. ಆದರೆ ರಾತ್ರಿ ಅಡಿಕೆ ಸುಲಿಯುವವರ ಜೊತೆ ಕೂರಲೇಬೇಕು, ಇಲ್ಲದಿದ್ದರೆ ಊರಿಗೆಲ್ಲ ಸುದ್ದಿ. ಮಾತ್ರೆ ತಗೊಂಡರೆ ಮೆಟ್ಟುಗತ್ತಿ ಎದುರೇ ತೂಕಡಿಕೆ. ಅದಕ್ಕೆ ಮಾತ್ರೆಯನ್ನು ಅಡಕತ್ತರಿಯಲ್ಲಿ ಅರ್ಧ ಮಾಡಿ ನುಂಗುತ್ತಿದ್ದೆ. ಉಳಿದರ್ಧ ಕವಳದ ಪೆಟ್ಟಿಗೆಯಲ್ಲಿ, ಸುಣ್ಣದ ಡಬ್ಬಿಯ ಅಡಿಗೆ. ನೆಂಟರ ಮನೆಗೆ ಹೋದ ದಿನ ಆ ಅರ್ಧವೂ ಇಲ್ಲ.

ತಪ್ಪು ಇದಲ್ಲ. ಮುಚ್ಚಿಟ್ಟಿದ್ದು ತಪ್ಪು. ‘ಸರಿಯಾಗಿ ತಗೊಳ್ತಿದ್ದೀರಾ?’ ಅಂದರೆ ‘ಹೌದು ಡಾಕ್ಟ್ರೆ’ ಅನ್ನುತ್ತಿದ್ದೆ. ಅವರು ನಂಬಿ, ಗುಣವಿಲ್ಲ ಅಂತ ಬರೆದು, ಬೇರೆ ಮಾತ್ರೆ ಕೊಟ್ಟರು. ಅದನ್ನೂ ಅರ್ಧ ಮಾಡಿದೆ. ಮೂರನೆಯದನ್ನೂ. ಈ ಮಾತ್ರೆಗಳು ಪೂರ್ತಿ ಪ್ರಮಾಣದಲ್ಲಿ 4ರಿಂದ 6 ವಾರ ಹೊಟ್ಟೆಗೆ ಹೋದ ಮೇಲೆ ಗುಣ ತೋರಿಸುವಂಥವು. ನಾನು ಒಂದಕ್ಕೂ ಆ ಅವಕಾಶ ಕೊಟ್ಟಿರಲಿಲ್ಲ. ಅಂದರೆ ಒಂದೇ ಸುಳ್ಳಿನಿಂದ ಮೂರು ಔಷಧಿ ‘ಫೇಲ್’. ಎರಡು ವರ್ಷ ಸುಮ್ನೆ ಹೋಯಿತು.

ಬಚ್ಚಿಟ್ಟ ಅರ್ಧ ಮಾತ್ರೆಗಳು ಹೆಂಡತಿಗೆ ಸಿಕ್ಕಿದವು. ಮುಂದಿನ ಸಲ ಡಾಕ್ಟರ ಮೇಜಿನ ಮೇಲೆ ಸುರಿದಳು, ಸುಣ್ಣ ಮೆತ್ತಿದ ಚೂರುಗಳು. ಅವರು ಬೈಯಲಿಲ್ಲ. ಎರಡನೆಯ ಔಷಧಿಯನ್ನೇ ಮತ್ತೆ ಶುರು ಮಾಡಿ, ಹೊತ್ತು ಬದಲಾಯಿಸಿ, ಪ್ರಮಾಣ ನಿಧಾನ ಏರಿಸಿದರು. ಎರಡು ತಿಂಗಳಾಗಿರಬೇಕು, ಒಂದು ಬೆಳಿಗ್ಗೆ ನಾನು ಕೊನೆಗೌಡನ ಜೊತೆ ಕೂಲಿಗೆ ಜಗಳ ಆಡುತ್ತಿದ್ದೆ. ಆಯಿ ಒಳಗಿಂದ ಓಡಿ ಬಂದು ನೋಡಿದಳು.

ತಂತಿಯ ವಿಷಯ. ಕೆನಡಾದ ಟೊರಾಂಟೊದಲ್ಲಿ ನರರೋಗ ತಜ್ಞೆ ಹೆಲೆನ್ ಮೇಬರ್ಗ್ ತಂಡ 6 ಜನರಿಗೆ ಹಾಕಿತು, 4 ಜನ ಚೇತರಿಸಿಕೊಂಡರು ಅಂತ 2005ರಲ್ಲಿ ವರದಿ ಮಾಡಿತು. ವಿಡಿಯೋಗಳು ಹೇಳುವುದು ಅಷ್ಟೇ. ಆಮೇಲೆ ಅಮೆರಿಕದಲ್ಲಿ 90 ಜನರಿಗೆ ಹಾಕಿ, ಕೆಲವರಿಗೆ ಕರೆಂಟ್ ಬಿಡದೆ ನೋಡಿದರು. ಆರು ತಿಂಗಳಲ್ಲಿ ಕರೆಂಟ್ ಬಿಟ್ಟವರಿಗೂ ಬಿಡದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಎರಡು ವರ್ಷ ಕರೆಂಟ್ ಹರಿದ ಮೇಲೆ ಸುಮಾರು ಅರ್ಧ ಜನರಿಗೆ ಗುಣ ಕಂಡಿತು ಅನ್ನುವುದೂ ನಿಜ. ಆದರೆ ಅದು ತಲೆಬುರುಡೆ ಕೊರೆದು, ಎದೆಯ ಚರ್ಮದಡಿ ಬ್ಯಾಟರಿ ಇಡುವ ಕೆಲಸ. ಡಿಪ್ರೆಶನ್‌ಗೆ ಇನ್ನೂ ಪ್ರಯೋಗದ ಹಂತವೇ.

ಔಷಧಿ ನಿಜಕ್ಕೂ ಸೋತರೆ ಮೊದಲು ಕೇಳಬೇಕಾದ್ದು ಇಸಿಟಿ, ಅಂದರೆ ತಲೆ ಕೊರೆಯದೆ ಹೊರಗಿನಿಂದಲೇ ಕ್ಷಣಹೊತ್ತು ಕರೆಂಟ್ ಕೊಡುವ ಚಿಕಿತ್ಸೆ, ಜನ ‘ಶಾಕ್’ ಅನ್ನುವುದು. ತಲೆ ಕೊರೆಸಲು ತಯಾರಿದ್ದ ನಾನು ಇದರ ಹೆಸರಿಗೇ ಬೆಚ್ಚಿದ್ದೆ ನೋಡಿ! 2017ರ ಮಾನಸಿಕ ಆರೋಗ್ಯ ಕಾನೂನಿನ ಪ್ರಕಾರ ಅರಿವಳಿಕೆ ಕೊಡದೆ ಅದನ್ನು ಮಾಡುವಂತೆಯೇ ಇಲ್ಲ.

ಹಾಗಾಗಿ ಆಪರೇಷನ್ ಎಲ್ಲಿ ಅಂತ ನಾನು ಹೇಳುವುದಿಲ್ಲ. ಸಾಯುವ ಯೋಚನೆ ಬರುತ್ತಿದ್ದರೆ ಈಗಲೇ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ರಾತ್ರಿಯೂ ಎತ್ತುತ್ತಾರೆ. ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಸ್ಟ್ರಿಪ್ಪುಗಳನ್ನೆಲ್ಲ ಚೀಲಕ್ಕೆ ಹಾಕಿಕೊಳ್ಳಿ. ಔಷಧಿ ಅಂಗಡಿಯ ಬಿಲ್ಲುಗಳನ್ನೂ.