ಸ್ಪ್ಯಾನಿಷ್‌ನ ‘ಕ್ವೆಂತಾ’ ಪದಕ್ಕೆ ಹತ್ತಾರು ಅರ್ಥ ಇವೆಯಲ್ಲ, ಯಾವುದನ್ನು ಮೊದಲು ಬಾಯಿಪಾಠ ಮಾಡಲಿ?

ಯಾವುದನ್ನೂ ಮಾಡಬೇಡಿ. ಇಂಥದ್ದೇ ಪಟ್ಟಿ ನನ್ನ ಹತ್ತಿರವೂ ಇತ್ತು. ಮೊದಲನೇ ಸಾಲು, ‘ಕ್ವೆಂತಾ ಅಂದರೆ ಖಾತೆ’. ನಾನು ಕೆಟ್ಟಿದ್ದೇ ಆ ಸಾಲಿನಿಂದ.

ಆಗ ಮಿಡಿಸೌತೆ ರಫ್ತು ಮಾಡುವ ಕಂಪನಿಯೊಂದರಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ನಮ್ಮ ಕಡೆ ಬೆಳೆದ ಮಿಡಿ ಉಪ್ಪುನೀರಿನ ಡ್ರಮ್ಮುಗಳಲ್ಲಿ ಸ್ಪೇನಿಗೂ ಹೋಗುತ್ತದೆ. ಆಫೀಸಿನಲ್ಲಿ ಒಂದಿಷ್ಟು ಸ್ಪ್ಯಾನಿಷ್ ಬರುತ್ತಿದ್ದವನು ನಾನೊಬ್ಬನೇ, ಆ ಜಂಬ ಬೇರೆ. ವಲೆನ್ಸಿಯಾದ ಖರೀದಿದಾರರು ಕಳಿಸಿದ ಕರಾರಿನಲ್ಲಿ, ಅಲ್ಲಿನ ಬಂದರಿನಲ್ಲಿ ಮಾಡಿಸುವ ತಪಾಸಣೆಯ ಖರ್ಚು ‘ಪೋರ್ ಕ್ವೆಂತಾ ದೆಲ್ ಬೆಂದೆದೋರ್’ ಎಂದಿತ್ತು. ಬೆಂದೆದೋರ್ ಅಂದರೆ ಮಾರುವವನು, ಅಂದರೆ ನಾವು. ಕ್ವೆಂತಾ ಹೇಗೂ ಖಾತೆ. ‘ಆ ದುಡ್ಡು ನಮ್ಮ ಖಾತೆಗೆ ಹಾಕ್ತಾರೆ ಸಾರ್’ ಅಂದೆ. ಮ್ಯಾನೇಜರ್ ಸಹಿ ಹಾಕಿದರು.

ಅರ್ಥ ಪೂರ್ತಿ ಉಲ್ಟಾ. ‘ಪೋರ್ ಕ್ವೆಂತಾ ದೆ’ ಅಂದರೆ ಇಂಥವರ ಖರ್ಚಿನಲ್ಲಿ, ಇಂಥವರ ತಲೆಯ ಮೇಲೆ. ಖಾತೆಗೆ ಹಾಕುವುದಾಗಿದ್ದರೆ ‘ಎನ್ ಲಾ ಕ್ವೆಂತಾ’ ಎಂದೇ ಬರೆಯುತ್ತಿದ್ದರು. ಕಣ್ಣೆದುರಿಗೆ ‘ಎನ್’ ಬದಲು ‘ಪೋರ್’ ಕೂತಿತ್ತು, ‘ಲಾ’ ಇರಲೇ ಇಲ್ಲ. ಅಷ್ಟು ಸಣ್ಣ ಎರಡು ಪದ ನೋಡದೆ, ಕಾಣಿಸಿದ ದೊಡ್ಡ ಪದಕ್ಕೆ ಪಟ್ಟಿಯಲ್ಲಿದ್ದ ಅರ್ಥ ಹಚ್ಚಿದೆ. ಅವರು ಬಿಲ್ಲಿನಲ್ಲಿ ಮುರಿದುಕೊಂಡರು, ಕಂಪನಿ ನನ್ನ ಸಂಬಳದಲ್ಲಿ ಮುರಿದುಕೊಂಡಿತು.

ಹಾಗಾಗಿ ‘ಮುಖ್ಯ ಅರ್ಥ ಯಾವುದು’ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಈ ಪದ ಒಂಟಿಯಾಗಿ ಓಡಾಡುವುದೇ ಕಡಿಮೆ. ‘ದಾರ್ಸೆ ಕ್ವೆಂತಾ’ ಅಂದರೆ ಹೊಳೆಯುವುದು, ಗೊತ್ತಾಗುವುದು. ‘ತೆನೆರ್ ಎನ್ ಕ್ವೆಂತಾ’ ಅಂದರೆ ಗಮನದಲ್ಲಿಡುವುದು. ನೋಡಿ, ಇಲ್ಲಿ ‘ಎನ್’ ಇದೆ, ‘ಲಾ’ ಇಲ್ಲ. ಹಾಗಂತ ‘ಲಾ’ ಕಂಡಲ್ಲೆಲ್ಲ ಬ್ಯಾಂಕು ಅಂದುಕೊಂಡೀರಿ! ‘ಮಾಸ್ ದೆ ಲಾ ಕ್ವೆಂತಾ’ ಕುಡಿದ ಅಂದರೆ ಮಿತಿಮೀರಿ ಕುಡಿದ ಅಂತ. ಸ್ಪೇನಿನಲ್ಲಿ ಬಸುರಿ ‘ಸಾಲಿರ್ ದೆ ಕ್ವೆಂತಾಸ್’ ಅಂದರೆ ದಿನ ತುಂಬಿತು. ಪತ್ರಿಕೆಯಲ್ಲಿ ‘ಅಹುಸ್ತೆ ದೆ ಕ್ವೆಂತಾಸ್’ ಅಂತ ಬಂದರೆ ಲೆಕ್ಕಪತ್ರ ಹುಡುಕಬೇಡಿ, ಅದು ಹಳೇ ಸೇಡು ತೀರಿಸಿಕೊಂಡ ಕೊಲೆ ಸುದ್ದಿಯೂ ಆಗಿರಬಹುದು. ಜಪಮಾಲೆಯ ಮಣಿಗೂ ಕ್ವೆಂತಾ ಅನ್ನುತ್ತಾರೆ. ಎಣಿಸುವುದು ಎಂಬ ‘ಕೊಂತಾರ್’ ಕ್ರಿಯಾಪದದಿಂದ ಬಂದದ್ದು. ಅದರ ಮೂಲ ಲ್ಯಾಟಿನ್‌ನ ‘ಕೊಂಪುತಾರೆ’, ನಮ್ಮ ಮೇಜಿನ ಮೇಲಿನ ಕಂಪ್ಯೂಟರಿನ ಮೂಲವೂ ಅದೇ.

ಬಾಯಿಪಾಠಕ್ಕೆಂದು ಬಿಡಿ ಪದಗಳ ಕಾರ್ಡು ಮಾಡಿಟ್ಟುಕೊಂಡಿದ್ದರೆ ಅಳಿಸಿಹಾಕಿ. ಇಡೀ ವಾಕ್ಯ ಬರೆದಿಟ್ಟುಕೊಳ್ಳಿ, ಹಿಂದಿನ ಮುಂದಿನ ಸಣ್ಣ ಪದಗಳ ಸಮೇತ. ಕೆಲಸಕ್ಕೆಂದು ಸ್ಪೇನಿಗೆ ಹೋಗುವವರಾದರೆ ‘ಪೋರ್ ಕ್ವೆಂತಾ’ದಿಂದಲೇ ಶುರುಮಾಡಿ. ಕೆಲಸದ ಪರವಾನಗಿಯ ಅರ್ಜಿಯಲ್ಲಿ ಎದುರಾಗುವುದೇ ಅದು: ‘ಪೋರ್ ಕ್ವೆಂತಾ ಅಹೇನಾ’ ಅಂದರೆ ಬೇರೆಯವರ ಕೈಕೆಳಗೆ ಸಂಬಳಕ್ಕೆ, ‘ಪೋರ್ ಕ್ವೆಂತಾ ಪ್ರೋಪಿಯಾ’ ಅಂದರೆ ಸ್ವಂತ ಉದ್ಯೋಗ. ಪಾಠದ ಪುಸ್ತಕಗಳು ಮೊದಲು ಕಲಿಸುವ ‘ಲಾ ಕ್ವೆಂತಾ, ಪೋರ್ ಫಬೋರ್’ ನಿಧಾನಕ್ಕೆ ಬರಲಿ, ಹೋಟೆಲಿನಲ್ಲಿ ಬಿಲ್ಲನ್ನು ಕೈಸನ್ನೆಯಲ್ಲೂ ಕೇಳಬಹುದು.