ಅಲೋಹಾ ಅಂದರೆ ಸಾಕಾ?

ಪ್ರಶ್ನೆ: ಮಗಳ ಜೊತೆ ಹವಾಯಿಗೆ ಹೊರಟಿದ್ದೇನೆ. ‘ಅಲೋಹಾ’ ಬಿಟ್ಟು ಇನ್ನೇನು ಕಲಿಯಲಿ?

ಉತ್ತರ: ‘ಮಹಾಲೋ’ ಕಲಿಯಿರಿ, ಧನ್ಯವಾದ ಅಂತ. ಒವಾಹು ದ್ವೀಪದಲ್ಲಿ ಬಸ್ಸಿಳಿಯುವಾಗ ನಾನು ಚಾಲಕರಿಗೆ ಅದನ್ನೇ ಹೇಳುತ್ತಿದ್ದೆ. ಅಲೋಹಾ ಅನ್ನುವುದು ನಮ್ಮ ನಮಸ್ಕಾರದ ಹಾಗೆ, ಬಂದಾಗಲೂ ನಡೆಯುತ್ತದೆ, ಹೊರಡುವಾಗಲೂ ನಡೆಯುತ್ತದೆ. ಪ್ರೀತಿ, ಕರುಣೆ ಎಲ್ಲ ಅದರೊಳಗೇ ಇವೆ. 1986ರಲ್ಲಿ ಈ ‘ಅಲೋಹಾ ಮನೋಭಾವ’ವನ್ನು ರಾಜ್ಯದ ಕಾನೂನಿನಲ್ಲೇ ಬರೆದರು! ಸುಮ್ನೆ ಕಂಡಕಂಡವರಿಗೆಲ್ಲ ಕೂಗಬೇಡಿ. ಮುಖ ನೋಡಿ, ಮೆಲ್ಲಗೆ ಹೇಳಿ.

ಯಾರಾದರೂ ‘ಲೇ’ ಹಾರ ಹಾಕಿದರೆ ಬೇಡ ಅನ್ನಬಾರದು, ಅವರೆದುರೇ ತೆಗೆಯಲೂಬಾರದು. ಮಗಳು ಗರ್ಭಿಣಿಯಾಗಿದ್ದರೆ ತುದಿ ಕಟ್ಟದ ಹಾರ ಕೇಳಿ, ಅಲ್ಲಿನ ಪದ್ಧತಿ ಅದು.

ಕಡಲತೀರದಲ್ಲಿ ‘ಹೋನು’, ಅಂದರೆ ಹಸಿರು ಕಡಲಾಮೆ ಕಂಡರೆ 10 ಅಡಿ ದೂರ ನಿಲ್ಲಿ. ಫೋಟೊ ಅಲ್ಲಿಂದಲೂ ಚೆನ್ನಾಗೇ ಬರುತ್ತದೆ.