ಸಂಪಾದಕರ ಉತ್ತರ: ಸಿಂಬೆ ಮಾತ್ರ ತಲೆಯ ಮೇಲೆ

(ಕನಕಪುರದ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಈ ತಪಸ್ಸುಕಾಲದಲ್ಲಿ, ಎಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಅದು ಶುರುವಾಗುವ ವಿಭೂತಿ ಬುಧವಾರದಿಂದ ಆಯಾ ದಿನದ ವಾಚನ, ಅಂದರೆ ಪೂಜೆಯಲ್ಲಿ ಓದುವ ಬೈಬಲಿನ ಭಾಗ, ಓದಿ, ರಾತ್ರಿ ಮಲಗುವ ಮುಂಚೆ ನಾಲ್ಕೈದು ಸಾಲಿನ ಕವಿತೆ ಬರೆಯುತ್ತಿದ್ದಾರೆ. ಧರ್ಮಕೇಂದ್ರದ ಹಿರಿಯರೊಬ್ಬರು ನೋಟುಬುಕ್ಕು ತಿರುವಿ ನೋಡಿ, 'ದೇವರ ವಾಕ್ಯಕ್ಕೆ ಒಗ್ಗರಣೆ ಹಾಕಬೇಡಮ್ಮ' ಎಂದರಂತೆ. ಮಗ, 'ಬರೆಯೋದಾದ್ರೆ ಹೈಕು ಬರಿ, ಐದು-ಏಳು-ಐದು' ಎಂದನಂತೆ. ನಡುವೆ ಆರು ದಿನ ತಪ್ಪಿಹೋಗಿದೆ. ಮುಂದುವರಿಸಲೇ, ಬಿಡಲೇ ಎಂಬುದು ಪ್ರಶ್ನೆ. ಒಂದು ಕವಿತೆಯನ್ನೂ ಜೊತೆಗಿಟ್ಟಿದ್ದಾರೆ.)

ಸೋದರಿ,

ತಪ್ಪಿದ ದಿನಗಳ ಮಾತು ಮೊದಲೇ ಮುಗಿಸಿಬಿಡೋಣ. ವಿಭೂತಿ ಬುಧವಾರದಿಂದ ಈಸ್ಟರಿನ ಹಿಂದಿನ ದಿನವಾದ ಪವಿತ್ರ ಶನಿವಾರದವರೆಗೆ ಎಣಿಸಿದರೆ 46 ದಿನ. ಭಾನುವಾರ ಉಪವಾಸದ ದಿನವಲ್ಲವಾದ್ದರಿಂದ ಆ ಆರನ್ನು ಕಳೆದು 40 ಎನ್ನುತ್ತೇವೆ. ನಿಮಗೂ ತಪ್ಪಿರುವುದು ಆರೇ ದಿನ. ಖಾಲಿ ಪುಟ ಖಾಲಿಯಾಗಿಯೇ ಇರಲಿ. ಒಂದೇ ರಾತ್ರಿ ಕೂತು ಆರು ದಿನದ್ದನ್ನೂ ಬರೆದು ಲೆಕ್ಕ ಸರಿಮಾಡಲು ಹೋಗಬೇಡಿ. ಹಿಂದೊಮ್ಮೆ ನಾನೇ ಹಾಗೆ ಮಾಡಿದ್ದೆ. ಆ ಆರರಲ್ಲಿ ಐದು ಕವಿತೆ 'ಓ ಶಿಲುಬೆಯೇ' ಎಂದು ಶುರುವಾಗಿದ್ದವು.

ಇನ್ನು ಹಿರಿಯರ ಒಗ್ಗರಣೆಯ ಮಾತು. ಅವರ ಕಳವಳ ನನಗೆ ಅರ್ಥವಾಗುತ್ತದೆ, ಆದರೂ ಒಪ್ಪಲಾರೆ. ಭಾನುವಾರ ಚರ್ಚಿನಲ್ಲಿ ನಡೆಯುವ ಬಲಿಪೂಜೆಯಲ್ಲಿ ಮೊದಲ ವಾಚನ ಮುಗಿದ ಕೂಡಲೇ ಏನಾಗುತ್ತದೆ? ಬೈಬಲಿನ ಕೀರ್ತನೆ ಹಾಡುತ್ತೇವೆ. ಕೀರ್ತನೆ ಕವಿತೆಯಲ್ಲದೆ ಇನ್ನೇನು? ವಾಕ್ಯ ಕೇಳಿದ ಬಾಯಿಗೆ ಧರ್ಮಸಭೆ ಮೊದಲು ಕೊಡುವುದು ಕವಿತೆಯನ್ನು. ಗುರುಗಳ ಪ್ರಬೋಧನೆಯ ಸರದಿ ಆಮೇಲೆ.

ಆ ಕವಿತೆ ಕೆಲಸ ಮಾಡುವ ರೀತಿ ನೋಡಿ. ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಮರಳಿ ಬರುತ್ತವೆ; ಈ ವರ್ಷ ಮತ್ತಾಯನ ಸುತ್ತು. ಅದರಲ್ಲಿ ತಪಸ್ಸುಕಾಲದ ಮೂರನೇ ಭಾನುವಾರದ ಮೊದಲ ವಾಚನ ಬೈಬಲಿನ ವಿಮೋಚನಾಕಾಂಡದ 17ನೇ ಅಧ್ಯಾಯ. ಮರುಭೂಮಿಯಲ್ಲಿ ನೀರಿಲ್ಲ. ಜನ ತಮ್ಮ ಮುಂದಾಳು ಮೋಶೆಯ ಮೇಲೆ ಗೊಣಗುತ್ತಾರೆ, ಅವನು ಬಂಡೆಗೆ ಕೋಲಿನಿಂದ ಹೊಡೆಯುತ್ತಾನೆ, ನೀರು ಬರುತ್ತದೆ, ಆ ಜಾಗಕ್ಕೆ ಮಸ್ಸಾ, ಮೆರಿಬಾ ಎಂದು ಹೆಸರಾಗುತ್ತದೆ. ಬೆನ್ನಿಗೇ ಬರುವುದು 95ನೇ ಕೀರ್ತನೆ. ಅದರಲ್ಲಿ ಕೋಲಿಲ್ಲ, ಮೋಶೆ ಇಲ್ಲ, ಚಿಮ್ಮಿದ ನೀರೂ ಇಲ್ಲ. ಊರಿನ ಹೆಸರು ಮಾತ್ರ ಉಳಿದಿದೆ. ಮೊದಲ ಸಾಲಲ್ಲೇ ದೇವರನ್ನು ಬಂಡೆ ಎಂದು ಕರೆದ ಕವಿ, ಕೆಳಗೆ ಬಂದು, ಮೆರಿಬಾದಲ್ಲಿ ಆದಂತೆ ನಿಮ್ಮ ಹೃದಯ ಕಲ್ಲಾಗದಿರಲಿ ಎನ್ನುತ್ತಾನೆ. ಕಥೆಯಲ್ಲಿ ಕಲ್ಲು ನೀರು ಕೊಟ್ಟಿತು. ಕಲ್ಲಾದದ್ದು ಜನರ ಎದೆ. ಕವಿ ಇದನ್ನು ಬಿಡಿಸಿ ಹೇಳುವುದಿಲ್ಲ. ಕಥೆಯನ್ನೆಲ್ಲ ಕೆಳಗಿಟ್ಟು ಒಂದು ಕಲ್ಲನ್ನು ಮಾತ್ರ ಎತ್ತಿಕೊಂಡಿದ್ದಾನೆ.

ನಮ್ಮವರೂ ಈ ಕೆಲಸಕ್ಕೆ ಹೊಸಬರಲ್ಲ. ಕಿಟೆಲ್ 1862ರಷ್ಟು ಹಿಂದೆಯೇ ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ಬರೆದರು. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲದಿದ್ದರೂ ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾ ಬೆಟ್ಟವನ್ನು ಕನ್ನಡ ಕಾವ್ಯಕ್ಕೆ ತಂದರು. ಅದೆಲ್ಲ ಯಾಕೆ, ನಿಮ್ಮ ಪಕ್ಕದ ಹಾರೋಬೆಲೆಯಲ್ಲಿ ಯೇಸುವಿನ ಪಾಡನ್ನು ರಂಗಕ್ಕೇರಿಸಿ ಆಡುತ್ತಾರಲ್ಲ, ಹಿರಿಯರು ಅಲ್ಲಿ ಮುಂದಿನ ಸಾಲಲ್ಲೇ ಕೂತಿರುತ್ತಾರೆ ಎಂದು ನನ್ನ ಊಹೆ.

ಈಗ ನಿಮ್ಮ ಕವಿತೆ. ಯಕೋಬನ ಬಾವಿಯ ಬಳಿಯ ಸಮಾರ್ಯದ ಹೆಂಗಸಿನ ಮೇಲೆ ಬರೆದಿದ್ದೀರಿ:

ಸಮಾರ್ಯದ ಹೆಣ್ಣೇ, ನೀನೆಷ್ಟು ಭಾಗ್ಯವಂತೆ
ಜೀವಜಲವ ಪಡೆದು ಧನ್ಯಳಾದೆ
ಕೊಡವನ್ನು ಅಲ್ಲೇ ಬಿಟ್ಟು ಊರಿಗೆ ಓಡಿದೆ
ನಾವೂ ನಮ್ಮ ಪಾಪದ ಕೊಡವ ಬಿಟ್ಟು
ಯೇಸುವಿನೆಡೆಗೆ ಓಡೋಣ ಬನ್ನಿ

ಮೂರನೇ ಸಾಲು ಚೆನ್ನಾಗಿದೆ. ಉಳಿದ ನಾಲ್ಕನ್ನು ಯಾರು ಬೇಕಾದರೂ ಬರೆಯಬಹುದಿತ್ತು. ಕಟುವಾಯಿತೇನೋ, ಬೇಜಾರಾಗಬೇಡಿ. ಮೂರನೆಯ ಸಾಲಿನಲ್ಲಿ ಕೊಡ ನಿಜವಾದ ಕೊಡ. ನಾಲ್ಕಕ್ಕೆ ಬರುವಷ್ಟರಲ್ಲಿ ಅದು 'ಪಾಪದ ಕೊಡ'ವಾಗಿ, ಕಣ್ಣಿಗೆ ಕಾಣದಂತಾಯಿತು. 'ಬನ್ನಿ' ಎಂದ ಮೇಲಂತೂ ನೀವು ಬಾವಿಕಟ್ಟೆ ಬಿಟ್ಟು ಪ್ರಬೋಧನೆಯ ಪೀಠಕ್ಕೆ ಹತ್ತಿದಿರಿ.

ಯೊವಾನ್ನನ ಶುಭಸಂದೇಶದ ನಾಲ್ಕನೇ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಸುಡುವ ಮಧ್ಯಾಹ್ನ, ನಡೆದು ದಣಿದ ಯೇಸು ನೀರು ಕೇಳುತ್ತಾರೆ. ಸೇದಲು ನಿಮ್ಮ ಹತ್ತಿರ ಏನೂ ಇಲ್ಲ, ಬಾವಿ ಬೇರೆ ಆಳ, ಎನ್ನುತ್ತಾಳೆ ಆಕೆ. ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಕೊನೆಗೆ ಕೊಡ ಬಿಟ್ಟು ಊರಿಗೆ ಹೋಗುತ್ತಾಳೆ. ಯೇಸು ನೀರು ಕುಡಿದರೆಂದು ಯೊವಾನ್ನ ಎಲ್ಲೂ ಬರೆಯುವುದಿಲ್ಲ! ಕೊಡವನ್ನು ಮರೆತಳೋ, ಭಾರವೆಂದು ಬಿಟ್ಟಳೋ, ಕುಡಿಯಲಿ ಎಂದು ಅವರಿಗಾಗಿಯೇ ಇಟ್ಟಳೋ? ನಿಮ್ಮ ಕಾಗದದ ಎರಡನೇ ಪುಟದಲ್ಲಿ, ಊರಿನ ಮೋಟಾರು ಕೆಟ್ಟಾಗ ಈಗಲೂ ಸಿಂಬೆ ಸುತ್ತಿ ನೀರು ಹೊರುತ್ತೇನೆ ಎಂದು ಬರೆದಿದ್ದೀರಲ್ಲ, ಆ ಸಿಂಬೆ ಕವಿತೆಯೊಳಗೆ ಯಾಕೆ ಬರಲಿಲ್ಲ? ನಿಮ್ಮ ಸಾಲಿಗೆ ನಿಮ್ಮದೇ ಸಿಂಬೆ ಸೇರಿಸಿ ನೋಡಿದೆ:

ಕೊಡ ಬಾವಿಕಟ್ಟೆಯಲ್ಲೇ ಉಳಿಯಿತು,
ಸಿಂಬೆ ಮಾತ್ರ ತಲೆಯ ಮೇಲೆ.
ನೀರು ಕೇಳಿದವನು ಕುಡಿದನೋ ಇಲ್ಲವೋ.

ಇದೇ ಸರಿ ಎಂದಲ್ಲ. ನಿಮಗೆ ಇಷ್ಟವಾಗದಿದ್ದರೆ ಹರಿದುಹಾಕಿ. ವಾಚನವನ್ನೆಲ್ಲ ಕವಿತೆಯೊಳಗೆ ತುರುಕಬೇಕಾಗಿಲ್ಲ, ಕಾಲು ತಡವರಿಸಿ ನಿಂತ ಕಡೆ ನಿಂತರೆ ಸಾಕು ಎಂದು ತೋರಿಸಲು ಬರೆದೆ, ಅಷ್ಟೇ. ಆ ಕೊನೆಯ ಸಾಲು ಮಾರನೆಯ ದಿನ ಒಲೆ ಮುಂದೆಯೂ ನಿಮ್ಮನ್ನು ಕೆಣಕುತ್ತಿದ್ದರೆ, ನೀವು ಇನ್ನೂ ಅದೇ ವಾಚನವನ್ನು ಧ್ಯಾನಿಸುತ್ತಿದ್ದೀರಿ ಎಂದೇ ಲೆಕ್ಕ.

ಮಗನ ಹೈಕು ಸಲಹೆಗೆ ನನ್ನ ತಕರಾರಿಲ್ಲ. ಆದರೆ ಐದು-ಏಳು-ಐದು ಎಂದು ಬೆರಳು ಎಣಿಸುತ್ತಾ ಕೂತರೆ ಕನ್ನಡದ ಉದ್ದುದ್ದ ಪದಗಳು ಮುರಿದುಹೋಗುತ್ತವೆ: 'ಸಮಾರ್ಯದವಳು' ಎಂದರೆ ಒಂದೂಕಾಲು ಸಾಲು ಮುಗಿಯಿತು. ನಮಗೆ ತ್ರಿಪದಿ ಇದೆ. ಬೀಸುವ ಕಲ್ಲಿನ ಮುಂದೆ ಹುಟ್ಟಿದ ಮೂರು ಸಾಲು, ಉಸಿರಿಗೆ ಸರಿಯಾಗಿ ಒಗ್ಗುತ್ತದೆ. ಹನಿಗವನದ ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರು. ಅದರ ಕೊನೆಯ ಸಾಲು ಚಪ್ಪಾಳೆ ಕೇಳುತ್ತದೆ. ಒಮ್ಮೆ ನಮಗೆ ಬಂದ ಹನಿಗವನವೊಂದು 'ಶಿಲುಬೆ'ಗೆ 'ಸುಲಭ'ದ ಪ್ರಾಸ ಕಟ್ಟಿ ಮುಗಿದಿತ್ತು. ಓದಿ ನಕ್ಕೆವು, ಅಚ್ಚು ಹಾಕಲಿಲ್ಲ.

ಐದನೇ ಭಾನುವಾರ, ಯೇಸು ಸಮಾಧಿಯಿಂದ ಎಬ್ಬಿಸಿದ ಲಾಸರನ ವಾಚನ. ಎಲ್ಲರ ಕವಿತೆಯೂ 'ಯೇಸು ಕಣ್ಣೀರು ಬಿಟ್ಟರು' ಎಂಬಲ್ಲಿಗೆ ಓಡಿಹೋಗುತ್ತದೆ. ಸಮಾಧಿಯ ಕಲ್ಲು ಸರಿಸಿ ಎಂದಾಗ ಮಾರ್ತ ಆಡುವ ಮಾತೊಂದಿದೆ: ನಾಲ್ಕು ದಿನವಾಯಿತು, ನಾರುತ್ತಿರುತ್ತದೆ. ಸತ್ತ ಸೋದರನ ಬಗ್ಗೆ ಸೋದರಿಯ ಮಾತು ಅದು, ಮನೆಯ ಕೆಲಸ ನೋಡಿಕೊಳ್ಳುವವಳ ಮಾತು. ಇಷ್ಟು ವರ್ಷದಲ್ಲಿ ನಮ್ಮ ಮೇಜಿಗೆ ಬಂದ ಲಾಸರನ ಕವಿತೆಗಳಲ್ಲಿ ಆ ವಾಸನೆ ಒಂದರಲ್ಲೂ ಇರಲಿಲ್ಲ. ನಿಮ್ಮದರಲ್ಲಿ ಬಂದರೆ, ಬೇರೆಲ್ಲ ಬಿಟ್ಟು ಅದನ್ನೇ ಮೊದಲು ಕಳಿಸಿ.